ತಲೆಗೆ ಬೆಲೆ, ಬೇಟೆಗೆ ಬಹುಮಾನ: ಅಂತರಿಕ್ಷದ ಇನಾಮು ಬೇಟೆಗಾರ ಮತ್ತು ಕನ್ನಡದ ಕತೆ

ಹೆಗ್ಗನಹಳ್ಳಿಯ ದಕ್ಷಿಣಕ್ಕೆ ಮಾಗಡಿ ರಸ್ತೆ. ಉತ್ತರಕ್ಕೆ ಪೀಣ್ಯ, ಅದನ್ನು ದಾಟಿದರೆ ಜಾಲಹಳ್ಳಿ. ಲೇತ್ ಮಷಿನ್‌ಗಳ ಸದ್ದು, ಗಾರ್ಮೆಂಟ್ಸ್ ಬಿಡುವ ಹೊತ್ತಿನ ಜನಜಂಗುಳಿ ತುಂಬಿದ ಈ ಸೀಮೆಗೆ ಕನ್ನಡದ ಬೇಟೆ ಸಾಹಿತ್ಯದಲ್ಲಿ ಭದ್ರವಾದ ಜಾಗವಿದೆ. ಕೆನ್ನೆತ್ ಆಂಡರ್ಸನ್ ಇಂಗ್ಲಿಷಿನಲ್ಲಿ ಬರೆದು, ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ 'ಕಾಡಿನ ಕತೆಗಳು' ನಾಲ್ಕು ಪುಸ್ತಕಗಳಾಗಿ ಬಂದವು. ಅವುಗಳಲ್ಲಿ ಎರಡರ ಹೆಸರಿನಲ್ಲೇ ಈ ಭೂಗೋಳವಿದೆ: 'ಜಾಲಹಳ್ಳಿಯ ಕುರ್ಕ', 'ಮುನಿಶಾಮಿ ಮತ್ತು ಮಾಗಡಿ ಚಿರತೆ'. ಕನ್ನಡದ ಓದುಗನಿಗೆ ಬೇಟೆಗಾರ ಪರಕೀಯನೇನಲ್ಲ.

ಆದರೂ ಜಗತ್ತಿನ ವಿಜ್ಞಾನ ಕಥೆಗಳಲ್ಲಿ ಐವತ್ತು ವರ್ಷಗಳಿಂದ ಮೆರೆಯುತ್ತಿರುವ ಒಬ್ಬ ಬೇಟೆಗಾರ ಕನ್ನಡದ ಕತೆಯೊಳಗೆ ಮನೆ ಮಾಡಿಲ್ಲ. ಅವನೇ ಇನಾಮು ಬೇಟೆಗಾರ, ಇಂದಿನ ಹುಡುಗರ ಬಾಯಲ್ಲಿ ಬೌಂಟಿ ಹಂಟರ್. ತಪ್ಪಿಸಿಕೊಂಡವನ ತಲೆಗೆ ಯಾರೋ ಬೆಲೆ ಕಟ್ಟುತ್ತಾರೆ. ಇವನು ಗ್ರಹದಿಂದ ಗ್ರಹಕ್ಕೆ ಬೆನ್ನಟ್ಟಿ ಹಿಡಿದು ತಂದು ದುಡ್ಡು ಎಣಿಸಿಕೊಳ್ಳುತ್ತಾನೆ. ಈ ಪಾತ್ರ ಹೊಸ ವೇಷದ ಹಳೆಯ ಕೌಬಾಯ್ ಮಾತ್ರವೇ? ಕೊಲ್ಲುವ ಕೆಲಸವನ್ನೇ ಕಸುಬು ಮಾಡಿಕೊಂಡವನ ಅಂತಃಸಾಕ್ಷಿಯ ಪರೀಕ್ಷೆಯೇ? ದಿನಗೂಲಿಯವನ ಪಾಡೇ? ಕೈಲಾಗದ ಸರ್ಕಾರದ ಗುರುತೇ? ಉತ್ತರಗಳು ಒಂದಕ್ಕೊಂದು ಒಪ್ಪುವುದಿಲ್ಲ. ಯಾವುದನ್ನು ಒಪ್ಪುತ್ತೇವೆ ಎಂಬುದರ ಮೇಲೆ ಕನ್ನಡದಲ್ಲಿ ಇವನು ಕಾಣಿಸದ ಕಾರಣವೂ ಬದಲಾಗುತ್ತದೆ.

ಪಾತ್ರ ಹುಟ್ಟಿದ್ದು ಎಲ್ಲಿ

ಬೇರು ಅಮೆರಿಕದ ಜಾಮೀನು ವ್ಯವಹಾರದಲ್ಲಿದೆ. ಅಲ್ಲಿ ಆರೋಪಿಯ ಪರವಾಗಿ ಹಣ ಕಟ್ಟಿ ಬಿಡಿಸುವುದು ಒಂದು ವ್ಯಾಪಾರ. ಬಿಡಿಸಿಕೊಂಡವನು ನಾಪತ್ತೆಯಾದರೆ ವ್ಯಾಪಾರಿಯ ಹಣ ಮುಳುಗುತ್ತದೆ. ಹಾಗಾಗಿ ಅವನನ್ನು ಹಿಡಿದು ತರಲು ಆಳು ಬೇಕು. 1872ರ ಟೇಲರ್–ಟೇಂಟರ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಜಾಮೀನುದಾರನ ಹಕ್ಕನ್ನು ಧಾರಾಳವಾಗಿ ಬಿಡಿಸಿ ಹೇಳಿತು: ಆರೋಪಿಯನ್ನು ಬೇರೆ ರಾಜ್ಯಕ್ಕೂ ಬೆನ್ನಟ್ಟಬಹುದು, ಅಗತ್ಯ ಬಿದ್ದರೆ ಅವನ ಮನೆಯ ಬಾಗಿಲು ಮುರಿದು ಒಳನುಗ್ಗಬಹುದು. ಈ ಕಸುಬಿಗೆ ಸಿನಿಮಾದ ಮೆರುಗು ಕೊಟ್ಟದ್ದು ಕೌಬಾಯ್ ಚಿತ್ರಗಳು. ಸರ್ಜಿಯೊ ಲಿಯೋನೆಯ 'ಫಾರ್ ಎ ಫ್ಯೂ ಡಾಲರ್ಸ್ ಮೋರ್' (1965) ಇಬ್ಬರು ಇನಾಮು ಬೇಟೆಗಾರರ ಮೇಲೇ ನಿಂತ ಚಿತ್ರ.

ವಿಜ್ಞಾನ ಕಥೆ ಮೊದಮೊದಲು ಈ ನಂಟಸ್ತನಕ್ಕೆ ನಾಚಿಕೊಂಡಿತ್ತು. 1950ರ ಅಕ್ಟೋಬರಿನಲ್ಲಿ ಹೊರಬಂದ 'ಗ್ಯಾಲಕ್ಸಿ' ಪತ್ರಿಕೆಯ ಮೊದಲ ಸಂಚಿಕೆಯ ಹಿಂಬದಿ ರಕ್ಷಾಪುಟದಲ್ಲಿ ಬ್ಯಾಟ್ ಡರ್ಸ್ಟನ್ ಎಂಬ ಅಣಕು ನಾಯಕನಿದ್ದ. ಕುದುರೆಯ ಜಾಗದಲ್ಲಿ ರಾಕೆಟ್, ಪಿಸ್ತೂಲಿನ ಜಾಗದಲ್ಲಿ ಕಿರಣದ ಬಂದೂಕು ಇಟ್ಟ ಮಾತ್ರಕ್ಕೆ ಕೌಬಾಯ್ ಕತೆ ವಿಜ್ಞಾನ ಕಥೆಯಾಗದು, ಅಂಥದ್ದನ್ನು ನಾವು ಅಚ್ಚು ಹಾಕುವುದಿಲ್ಲ ಎಂಬುದು ಸಂಪಾದಕರ ಶಪಥ. ಅದೇ ಪತ್ರಿಕೆ 1953ರಲ್ಲಿ ರಾಬರ್ಟ್ ಶೆಕ್ಲಿಯ 'ಸೆವೆಂತ್ ವಿಕ್ಟಿಮ್' ಪ್ರಕಟಿಸಿತು. ಕೊಲೆ ಕಾನೂನುಬದ್ಧ ಆಟವಾಗಿಬಿಟ್ಟ ಸಮಾಜ ಅದು. ಒಂದು ಸುತ್ತಿನಲ್ಲಿ ಬೇಟೆಗಾರನಾದವನು ಮುಂದಿನ ಸುತ್ತಿನಲ್ಲಿ ಬೇಟೆಯಾಗಲೇಬೇಕು.

1968ರಲ್ಲಿ ಫಿಲಿಪ್ ಕೆ. ಡಿಕ್ ಬರೆದ 'ಡು ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?' ಕಾದಂಬರಿ ಈ ಪಾತ್ರಕ್ಕೆ ತೂಕ ತಂದಿತು. 1978ರಲ್ಲಿ ಬ್ರಿಟನ್ನಿನ ಕಾಮಿಕ್ಸಿನಲ್ಲಿ 'ಸ್ಟ್ರಾಂಷಿಯಮ್ ಡಾಗ್' ಶುರುವಾಯಿತು. ಅದೇ ವರ್ಷ ಅಮೆರಿಕದ ಟೀವಿಯಲ್ಲಿ ಬೋಬಾ ಫೆಟ್ ಎಂಬ ಬೇಟೆಗಾರ ಮೊದಲ ಸಲ ಮುಖ ತೋರಿಸಿದ, ಮುಖವಲ್ಲ, ಮುಖಗವಸು. 1980ರ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಚಿತ್ರದಲ್ಲಿ ಅವನೂ ಸೇರಿ ಆರು ಜನ ಬೇಟೆಗಾರರು ಹಡಗಿನ ಅಟ್ಟಣೆಯ ಮೇಲೆ ಸಾಲಾಗಿ ನಿಲ್ಲುತ್ತಾರೆ. ಉಳಿದವರಿಗೆ ತೆರೆಯ ಮೇಲೆ ಸಿಕ್ಕಿದ್ದು ಕೆಲವೇ ಕ್ಷಣ. ಆ ಕ್ಷಣಗಳಿಂದ 1996ರಲ್ಲಿ ಒಂದು ಕಥಾ ಸಂಕಲನವೇ ಹುಟ್ಟಿತು: ಕೆವಿನ್ ಜೆ. ಆಂಡರ್ಸನ್ ಸಂಪಾದಿಸಿದ 'ಟೇಲ್ಸ್ ಆಫ್ ದಿ ಬೌಂಟಿ ಹಂಟರ್ಸ್'. ಆರು ಬೇಟೆಗಾರರು, ಐದು ಕತೆಗಳು, ಐವರು ಲೇಖಕರು. ಆಮೇಲೆ ಜಪಾನಿನ 'ಕೌಬಾಯ್ ಬೀಬಾಪ್' (1998), 2019ರಲ್ಲಿ 'ದಿ ಮ್ಯಾಂಡಲೋರಿಯನ್' ಸರಣಿ.

ನಮ್ಮ ನೆಲದ ಇನಾಮು

ಕನ್ನಡನಾಡಿಗೆ ಬೇಟೆಯೂ ಬಹುಮಾನವೂ ಹೊಸದಲ್ಲ. ಮದ್ದೂರಿನ ಬಳಿಯ ಆತಕೂರಿನ ಶಾಸನ ಕ್ರಿ.ಶ. 949ರ ಸುಮಾರಿನದು, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದಲ್ಲಿ ಚೋಳರ ವಿರುದ್ಧ ಕಾದಿದ ಮಣಲೇರನಿಗೆ ಗಂಗರ ಬೂತುಗ ಮೆಚ್ಚಿ ಏನು ಬೇಕೆಂದು ಕೇಳಿದ. ಮಣಲೇರ ಕೇಳಿಕೊಂಡದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿ, ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಕಲ್ಲು ನಿಂತದ್ದು ಆ ನೆನಪಿಗೆ. ಇಲ್ಲಿ ಬಹುಮಾನ ಎಂದರೆ ಮೆಚ್ಚುಗೆ. ಯಾರ ತಲೆಗೂ ಮುಂಗಡವಾಗಿ ಬೆಲೆ ನಿಗದಿಯಾಗಿಲ್ಲ.

ಕಂಪನಿ ಸರ್ಕಾರದ ಕಾಲಕ್ಕೆ ಲೆಕ್ಕ ಬದಲಾಯಿತು. ಚನ್ನಗಿರಿ ಮೂಲದ ಧೊಂಡಿಯ ವಾಘ್ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಸೆರೆಯಿಂದ ಹೊರಬಿದ್ದು, ದಂಡು ಕಟ್ಟಿ, ಉಭಯಲೋಕಾಧೀಶ್ವರ ಎಂಬ ಬಿರುದು ಧರಿಸಿದ. ಅವನ ಬೆನ್ನಟ್ಟಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂ ಗೆದ್ದು ವೆಲಿಂಗ್ಟನ್ ಎನಿಸಿಕೊಂಡವನು. ದುಡ್ಡು ಕೊಟ್ಟರೆ ಧೊಂಡಿಯನನ್ನು ಗುಟ್ಟಾಗಿ ಮುಗಿಸಿಬಿಡುವ ಸಲಹೆ ಬಂದಾಗ ವೆಲ್ಲೆಸ್ಲಿ ಒಪ್ಪಲಿಲ್ಲ. ಡಂಗುರ ಸಾರಿ ತಲೆಗೆ ಇನಾಮು ಘೋಷಿಸುವುದು ಬೇರೆ, ಒಳಗೊಳಗೇ ಕೊಲೆಯ ಚೌಕಾಸಿ ಮಾಡುವುದು ಬೇರೆ. ಸೈನ್ಯದ ಮುಂದೆ ನಿಂತ ಅಧಿಕಾರಿಗೆ ಮೊದಲನೆಯದು ಸಲ್ಲುತ್ತದೆ, ಎರಡನೆಯದು ಸಲ್ಲದು ಎಂಬುದು ಅವನ ನಿಲುವು. 1800ರ ಸೆಪ್ಟೆಂಬರ್ 10ರಂದು ಕೋನಗಲ್ಲಿನ ಬಳಿ ಅವನೇ ಕುದುರೆ ಪಡೆಯನ್ನು ನಡೆಸಿ ಧೊಂಡಿಯನನ್ನು ಕೊಂದ. ಸತ್ತವನ ಸಾಮಾನುಗಳ ನಡುವೆ ಸಿಕ್ಕ ಪುಟ್ಟ ಹುಡುಗ ಸಲಾಬತ್ ಖಾನನನ್ನು ತಾನೇ ಸಾಕಿಕೊಂಡ. ಭಾರತ ಬಿಡುವಾಗ ಅವನ ಹೆಸರಿಗೆ ಹಣ ಇಟ್ಟು ಹೋದ. ಹಿಡಿದುಕೊಡಬೇಕಾದ ಮಗುವನ್ನು ತಾನೇ ಕಾಯತೊಡಗುವ 'ದಿ ಮ್ಯಾಂಡಲೋರಿಯನ್' ಸರಣಿಯ ಬೇಟೆಗಾರನನ್ನು ನೋಡಿದವರಿಗೆ ಈ ತಿರುವು ಅಪರಿಚಿತವೆನಿಸದು.

ಕಾಡುಪ್ರಾಣಿಗಳ ತಲೆಗೂ ದರ ಬಂತು. ಬ್ರಿಟಿಷ್ ಆಡಳಿತ ಹುಲಿ, ಚಿರತೆ, ತೋಳ ಕೊಂದವರಿಗೆ ಇನಾಮು ಕೊಡುತ್ತಿತ್ತು. ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಅಂದಾಜಿನಂತೆ 1875ರಿಂದ 1925ರವರೆಗೆ ಭಾರತದಲ್ಲಿ ಸತ್ತದ್ದು 80,000ಕ್ಕೂ ಹೆಚ್ಚು ಹುಲಿ, 1,50,000ಕ್ಕೂ ಹೆಚ್ಚು ಚಿರತೆ, ಸುಮಾರು 2,00,000 ತೋಳ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಲೆಕ್ಕವನ್ನು ತಲೆಕೆಳಗು ಮಾಡಿತು: ಕೊಂದವನಿಗೆ ಇನಾಮು ಹೋಗಿ ಜೈಲು ಬಂತು.

ಇನ್ನು ಕಾಡುಗಳ್ಳ ವೀರಪ್ಪನ್. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ಅವನು ಅಪಹರಿಸಿದ ನಟ ಡಾ. ರಾಜ್‌ಕುಮಾರ್ 108 ದಿನಗಳ ನಂತರ ಬಿಡುಗಡೆಯಾದಾಗ ಕರ್ನಾಟಕ ನಿಟ್ಟುಸಿರು ಬಿಟ್ಟಿತು. 2002ರಲ್ಲಿ ಅಪಹೃತರಾದ ಮಾಜಿ ಸಚಿವ ಎಚ್. ನಾಗಪ್ಪ ಶವವಾಗಿ ಸಿಕ್ಕರು. ವೀರಪ್ಪನ್ ತಲೆಯ ಬೆಲೆ ಲಕ್ಷಗಳಿಂದ ಕೋಟಿಗಳಿಗೆ ಏರಿದರೂ ಕಾಡಿನ ಊರುಗಳಿಂದ ಅವನನ್ನು ಹಿಡಿದುಕೊಡುವ ಖಾಸಗಿ ಬೇಟೆಗಾರನೊಬ್ಬ ಎದ್ದು ಬರಲಿಲ್ಲ. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯಲ್ಲಿ ಅವನನ್ನು ಹೊಡೆದುರುಳಿಸಿದ್ದು ತಮಿಳುನಾಡಿನ ವಿಶೇಷ ಕಾರ್ಯಪಡೆ. ನಗದು, ನಿವೇಶನ, ಬಡ್ತಿ ಸಂದದ್ದು ಪೊಲೀಸರಿಗೆ.

ಒಂದನೆಯ ವಾದ: ಹಳೆಯ ಕೌಬಾಯ್, ಹೊಸ ಕುದುರೆ

ಮೊದಲ ಪಂಥದವರು ಬ್ಯಾಟ್ ಡರ್ಸ್ಟನ್ ಅಣಕವನ್ನೇ ಸಿದ್ಧಾಂತವಾಗಿ ಹಿಡಿಯುತ್ತಾರೆ. ಕಾನೂನು ತಲುಪದ ಗಡಿನಾಡು, ಒಂಟಿ ಸವಾರ, ಮಾತು ಕಮ್ಮಿ ಗುರಿ ಜಾಸ್ತಿ: ಮರುಭೂಮಿಯಿದ್ದ ಕಡೆ ಗ್ರಹಗಳಿವೆ, ಅಷ್ಟೇ ವ್ಯತ್ಯಾಸ. ಈ ವಾದಕ್ಕೆ ಪುರಾವೆ ಹೇರಳ. ಬೋಬಾ ಫೆಟ್‌ನ ನಿಲುವು, ಮೌನ, ಹೆಗಲ ಮೇಲಿನ ಬಟ್ಟೆ ಎಲ್ಲವೂ ಕ್ಲಿಂಟ್ ಈಸ್ಟ್‌ವುಡ್ ಪಾತ್ರಗಳ ಕಡೆ ಬೊಟ್ಟು ಮಾಡುತ್ತವೆ. 1996ರ ಸಂಕಲನದಲ್ಲಿ ಡೇನಿಯಲ್ ಕೀಸ್ ಮೊರಾನ್ ಬರೆದ ಫೆಟ್‌ನ ಕತೆ ಮುಗಿಯುವುದೂ ಇಬ್ಬರು ವಯಸ್ಸಾದ ಗಂಡಸರು ಒಬ್ಬರಿಗೊಬ್ಬರು ಬಂದೂಕು ಹಿಡಿದು ನಿಂತಲ್ಲಿ.

ಸಣ್ಣಕತೆಗೆ ಈ ಪಾತ್ರ ಯಾಕೆ ಇಷ್ಟು ಚೆನ್ನಾಗಿ ಒಗ್ಗುತ್ತದೆ ಎಂಬುದಕ್ಕೂ ಈ ವಾದದಲ್ಲಿ ಉತ್ತರವಿದೆ. ಒಬ್ಬ ಬೇಟೆಗಾರ, ಒಬ್ಬ ತಲೆತಪ್ಪಿಸಿಕೊಂಡವ, ಒಂದು ಮೊತ್ತ: ಕತೆಯ ಆದಿ, ನಡು, ಅಂತ್ಯ ಮೊದಲ ಸಾಲಿನಲ್ಲೇ ಸಿದ್ಧ. ತಪ್ಪಿಸಿಕೊಂಡವನು ಸಿಗುತ್ತಾನೋ ಇಲ್ಲವೋ ಎಂಬ ಕುತೂಹಲವೇ ಓದುಗನನ್ನು ಇಪ್ಪತ್ತು ಪುಟ ಎಳೆದೊಯ್ಯುತ್ತದೆ.

ಆದರೆ ಹೊರಗಿನ ಆಕಾರವನ್ನು ವಿವರಿಸಿದ ಮೇಲೆ ಈ ವಾದಕ್ಕೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ. ಬೇಟೆಗಾರನೇ ಯಂತ್ರವಾದಾಗ, ಅಥವಾ ಬೇಟೆಯೇ ಯಂತ್ರವಾದಾಗ ಏಳುವ ಪ್ರಶ್ನೆ ಯಾವ ಕೌಬಾಯ್ ಕತೆಯಲ್ಲೂ ಇರಲಿಲ್ಲ.

ಎರಡನೆಯ ವಾದ: ಮನುಷ್ಯ ಯಾರು ಎಂಬ ಪರೀಕ್ಷೆ

ಎರಡನೆಯ ಪಂಥದ ಮೂಲಗ್ರಂಥ ಡಿಕ್‌ನ ಕಾದಂಬರಿ. ಅಲ್ಲಿ ರಿಕ್ ಡೆಕಾರ್ಡ್ ಸ್ಯಾನ್ ಫ್ರಾನ್ಸಿಸ್ಕೊ ಪೊಲೀಸರಿಗಾಗಿ ಓಡಿಬಂದ ಆಂಡ್ರಾಯ್ಡ್‌ಗಳನ್ನು ಕೊಲ್ಲುತ್ತಾನೆ. ತಲೆಗೆ 1,000 ಡಾಲರ್. ಯುದ್ಧದ ವಿಷಧೂಳಿನಿಂದ ಪ್ರಾಣಿಗಳೆಲ್ಲ ಅಳಿಯುತ್ತಿರುವ ಆ ಲೋಕದಲ್ಲಿ ಜೀವಂತ ಪ್ರಾಣಿ ಸಾಕುವುದೇ ಮನುಷ್ಯತ್ವದ ಪುರಾವೆ, ಬೀದಿಯ ಮರ್ಯಾದೆ. ಡೆಕಾರ್ಡ್‌ನ ಮನೆ ಮಾಳಿಗೆಯಲ್ಲಿರುವುದು ವಿದ್ಯುತ್ ಕುರಿ. ಕೊಂದ ದುಡ್ಡಿನಲ್ಲಿ ಅವನು ಒಂದು ನಿಜವಾದ ಕಪ್ಪು ಮೇಕೆ ಕೊಂಡುತರುತ್ತಾನೆ.

ಆತಕೂರಿನ ಮಣಲೇರನ ಪಕ್ಕಕ್ಕೆ ಈ ಡೆಕಾರ್ಡ್‌ನನ್ನು ನಿಲ್ಲಿಸಿದರೆ ವಾದ ಬೆಳಕಿಗೆ ಬರುತ್ತದೆ. ಸಾವಿರ ವರ್ಷದ ಅಂತರದಲ್ಲಿ ಇಬ್ಬರಿಗೂ ಬೇಕಾದದ್ದು ಒಂದು ಪ್ರಾಣಿ. ಮಣಲೇರನಿಗೆ ಅದು ಎದುರಾಳಿಗಳ ಜೊತೆ ಬಹಿರಂಗವಾಗಿ ಕಾದಿದ್ದಕ್ಕೆ ಸಿಕ್ಕ ಮೆಚ್ಚುಗೆ. ಡೆಕಾರ್ಡ್‌ಗೆ ಅದು, ಮನುಷ್ಯರಂತೆಯೇ ಹಾಡುವ, ಹೆದರುವ ಜೀವಗಳನ್ನು ಅಳಿಸಿಹಾಕಿ ಪಡೆದ ಸರಕು. ಅನುಕಂಪವಿಲ್ಲದ್ದನ್ನು ಕೊಲ್ಲಬಹುದು ಎಂಬುದು ಅವನ ಕಾನೂನು; ಆ ಕೆಲಸ ಮಾಡುತ್ತಾ ಮಾಡುತ್ತಾ ತನ್ನ ಅನುಕಂಪವೇ ಬತ್ತುತ್ತಿದೆ ಎಂಬುದು ಅವನ ಕಂಗಾಲು. 1982ರ 'ಬ್ಲೇಡ್ ರನ್ನರ್' ಚಿತ್ರ ಈ ಸಂಕಟವನ್ನು ಜಗತ್ತಿಗೆಲ್ಲ ಹಂಚಿತು; ಮೇಕೆ ಮಾತ್ರ ಪುಸ್ತಕದಲ್ಲೇ ಉಳಿಯಿತು.

ಈ ಪಂಥದವರು 1996ರ ಸಂಕಲನದಿಂದ ಎರಡು ಕತೆಗಳನ್ನು ಎತ್ತಿಕೊಳ್ಳುತ್ತಾರೆ. ಸಂಪಾದಕರೇ ಬರೆದ ಐಜಿ-88ರ ಕತೆಯಲ್ಲಿ ಬೇಟೆಗಾರನೇ ಒಂದು ಯಂತ್ರ. ಪ್ರಜ್ಞೆ ಬಂದ ಗಳಿಗೆಯಲ್ಲೇ ತನ್ನನ್ನು ಕಟ್ಟಿದವರನ್ನು ಮುಗಿಸಿ, ಇನಾಮು ಬೇಟೆಯನ್ನು ಮರೆಯಾಗಿಟ್ಟುಕೊಂಡು ಯಂತ್ರಗಳ ದಂಗೆಗೆ ಹೊಂಚು ಹಾಕುತ್ತದೆ. ಡೇವ್ ವುಲ್ವರ್ಟನ್ ಬರೆದ ಡೆಂಗಾರ್ ಮನುಷ್ಯನೇ. ಆದರೆ ಸಾಮ್ರಾಜ್ಯದ ವೈದ್ಯರು ಅವನ ಮಿದುಳಿನಿಂದ ಹೆಚ್ಚಿನ ಭಾವಗಳನ್ನೆಲ್ಲ ಕತ್ತರಿಸಿ ತೆಗೆದಿದ್ದಾರೆ. ಯಂತ್ರ ಮನುಷ್ಯನ ಕಡೆಗೆ, ಮನುಷ್ಯ ಯಂತ್ರದ ಕಡೆಗೆ ಸರಿಯುವ ಹಾದಿಯಲ್ಲಿ ಎರಡೂ ಕತೆ ಎದುರಾಗುತ್ತವೆ.

ಇಷ್ಟಾದರೂ ಒಂದು ವಿಷಯ ಈ ವಾದದ ಕೈಗೆ ಸಿಗುವುದಿಲ್ಲ. ಅಂತಃಸಾಕ್ಷಿ ಕುಟುಕುತ್ತಿದ್ದರೂ ಡೆಕಾರ್ಡ್ ಮರುದಿನ ಯಾಕೆ ಕೆಲಸಕ್ಕೆ ಹೋಗುತ್ತಾನೆ?

ಮೂರನೆಯ ವಾದ: ಕಂತು ಕಟ್ಟಬೇಕಾದವನ ಕಸುಬು

ಯಾಕೆಂದರೆ ಮೇಕೆಯ ಕಂತು ಬಾಕಿ ಇದೆ. ಮೂರನೆಯ ಪಂಥ ಶುರುವಾಗುವುದೇ ಇಲ್ಲಿಂದ. ಇವರ ಕಣ್ಣಿಗೆ ಇನಾಮು ಬೇಟೆಗಾರ ವೀರನೂ ಅಲ್ಲ, ಕಟುಕನೂ ಅಲ್ಲ. ಪೀಸ್ ರೇಟಿನ ಕೆಲಸಗಾರ. ಸಂಬಳವಿಲ್ಲ, ರಜೆಯಿಲ್ಲ, ಗಾಯವಾದರೆ ಖರ್ಚು ಸ್ವಂತದ್ದು. 'ಕೌಬಾಯ್ ಬೀಬಾಪ್' ತಂಡ ಹಿಡಿದ ಕಳ್ಳನಿಗಿಂತ ಮುರಿದ ಸಾಮಾನಿನ ದಂಡವೇ ಹೆಚ್ಚಾಗಿ ಹಸಿದು ಕೂರುತ್ತದೆ. 1996ರ ಸಂಕಲನದಲ್ಲಿ ಎಂ. ಶೇನ್ ಬೆಲ್ ಬರೆದ ಜಕಸ್‌ನ ಕತೆ ಇನ್ನೂ ನೇರ: ಗಾಳಿ ಒಗ್ಗದೆ ಶ್ವಾಸಕೋಶ ಸುಟ್ಟುಕೊಂಡ ಬೇಟೆಗಾರ ಅವನು; ಮುಂದಿನ ಬೇಟೆ ಚಿಕಿತ್ಸೆಯ ಬಿಲ್ಲಿಗಾಗಿ.

ಪೀಣ್ಯ, ಸುಂಕದಕಟ್ಟೆ, ಹೆಗ್ಗನಹಳ್ಳಿಯ ಓದುಗರಿಗೆ ಈ ವಾದವನ್ನು ಬಿಡಿಸಿ ಹೇಳಬೇಕಿಲ್ಲ. ಮೊಬೈಲಿನಲ್ಲಿ ಆರ್ಡರ್ ಬಂದ ಕೂಡಲೇ ಗಾಡಿ ತಿರುಗಿಸುವ, ಸ್ಟಾರ್ ರೇಟಿಂಗ್ ಬಿದ್ದರೆ ದುಡಿಮೆಯೂ ಬೀಳುವ ಹುಡುಗರು ಪ್ರತಿ ಸಿಗ್ನಲ್ಲಿನಲ್ಲೂ ಕಾಣುತ್ತಾರೆ. ಕ್ಯಾಥಿ ಟೈಯರ್ಸ್ ಬರೆದ ಕತೆಯ ಬಾಸ್ಕ್ ಎಂಬ ಹಲ್ಲಿಮುಖದ ಬೇಟೆಗಾರ, ತನ್ನ ದೇವತೆಯ ಖಾತೆಯಲ್ಲಿ ಜೀವಮಾನವಿಡೀ ಕೂಡಿಸಿದ ಅಂಕಗಳು ಒಂದೇ ಅವಮಾನಕ್ಕೆ ಸೊನ್ನೆಯಾಗುವುದನ್ನು ನೋಡಬೇಕಾಗುತ್ತದೆ. ಮೊಬೈಲಿನ ಆರ್ಡರ್ ನಂಬಿದ ದುಡಿಮೆಗಾರರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾನೂನು ತಂದಿತು. ಅಂತರಿಕ್ಷದ ಬೇಟೆಗಾರರಿಗೆ ಸಂಘವುಂಟು, ಭದ್ರತೆಯಿಲ್ಲ.

'ಸ್ಟ್ರಾಂಷಿಯಮ್ ಡಾಗ್' ಈ ವಾದಕ್ಕೆ ಇನ್ನೊಂದು ಮಡಿಕೆ ಸೇರಿಸುತ್ತದೆ. ಜಾನ್ ವ್ಯಾಗ್ನರ್ ಮತ್ತು ಕಾರ್ಲೋಸ್ ಎಸ್ಕೆರಾ ಕಟ್ಟಿದ ಆ ಲೋಕದಲ್ಲಿ ಅಣುಬಾಂಬಿನ ವಿಕಿರಣದಿಂದ ದೇಹ ವಿಕಾರಗೊಂಡವರಿಗೆ ಉಳಿದ ಯಾವ ಕಸುಬೂ ಇಲ್ಲ. ಇನಾಮು ಬೇಟೆಯೊಂದೇ ಅವರಿಗೆ ಬಿಟ್ಟ ದಾರಿ. ಕೊಳಕು ಕೆಲಸ ಅವರದು, ಅದನ್ನು ಮಾಡಿದ್ದಕ್ಕೆ ಅಸಹ್ಯವೂ ಅವರ ಪಾಲಿಗೇ. ಬ್ರಿಟನ್ನಿನ ಓದುಗರು ಇದನ್ನು ಜನಾಂಗದ್ವೇಷದ ಕತೆಯಾಗಿ ಓದಿದರೆ, ಹುಟ್ಟಿನಿಂದ ಕಸುಬು ನಿಗದಿಯಾಗುವುದನ್ನು ತಲೆಮಾರುಗಳಿಂದ ಕಂಡವರಿಗೆ ಅದು ಜಾತಿಯ ಕತೆಯೇ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಭಾರತದ ಎಷ್ಟೋ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಆರೋಪಿಗಳಾಗಿಸಿತ್ತು. ಅದು ರದ್ದಾದದ್ದು 1952ರಲ್ಲಿ.

ನಾಲ್ಕನೆಯ ವಾದ: ಬೆಲೆ ಕಟ್ಟುವವರನ್ನು ನೋಡಿ

ನಾಲ್ಕನೆಯ ಪಂಥದವರು ಬೇಟೆಗಾರನಿಂದ ಕಣ್ಣು ತೆಗೆದು ದುಡ್ಡು ಕೊಡುವವರತ್ತ ತಿರುಗಿಸುತ್ತಾರೆ. ಇನಾಮಿನ ಘೋಷಣೆ ಎಂದರೆ ತನ್ನ ಕೈ ಅಲ್ಲಿಗೆ ತಲುಪುತ್ತಿಲ್ಲವೆಂದು ಸರ್ಕಾರ ತಾನೇ ಸಾರಿದ ಹಾಗೆ. 'ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಚಿತ್ರದಲ್ಲಿ ನಕ್ಷತ್ರಲೋಕವನ್ನೇ ಆಳುವ ಸಾಮ್ರಾಜ್ಯಕ್ಕೆ ಒಂದು ಹಳೆಯ ಹಡಗು ಹಿಡಿಯಲು ಆರು ಜನ ಬಾಡಿಗೆಯವರು ಬೇಕಾಗುತ್ತಾರೆ. ಅವರನ್ನು ಕಂಡು ಸೇನಾಧಿಕಾರಿಗಳು ಮೂಗು ಮುರಿಯುತ್ತಾರೆ. ಧೊಂಡಿಯನ ವಿಷಯದಲ್ಲಿ ವೆಲ್ಲೆಸ್ಲಿ ಎಳೆದ ಗೆರೆಯೂ ಈ ಅಸಹ್ಯದ್ದೇ: ಕೂಲಿಯವನಿಂದ ಆಗುವ ಕೊಲೆ ಯಾವಾಗ ರಾಜ್ಯದ ಶಿಕ್ಷೆ, ಯಾವಾಗ ಬರೀ ಕೊಲೆ?

ಬೇಟೆಯ ಖರ್ಚು ಯಾರ ಮೈಮೇಲೆ ಬೀಳುತ್ತದೆ ಎಂಬುದನ್ನೂ ಇದೇ ಪಂಥ ಕೇಳುತ್ತದೆ. ವೀರಪ್ಪನ್ ಶೋಧದ ವರ್ಷಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಎರಡೂ ರಾಜ್ಯಗಳ ಹಳ್ಳಿಗರು ಕಾರ್ಯಪಡೆಗಳಿಂದ ಅನುಭವಿಸಿದ ಹಿಂಸೆಯನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಸೂಚಿಸಿತು. ತಲೆಯ ಬೆಲೆಯನ್ನು ಗೋಡೆಗೆ ಅಂಟಿಸುವ ಕತೆಗಳು ಈ ಎರಡನೆಯ ಬಿಲ್ಲನ್ನು ಅಪರೂಪಕ್ಕೆ ತೋರಿಸುತ್ತವೆ.

ನಾಲ್ಕೂ ವಾದಗಳನ್ನು ಒಂದರ ಪಕ್ಕ ಒಂದಿಟ್ಟರೆ ಹೆಚ್ಚು ದೂರ ಕರೆದೊಯ್ಯುವುದು ಇದೇ ಕೊನೆಯದು. ಬೇಟೆಗಾರನ ಸ್ವಭಾವ ಕತೆಯಿಂದ ಕತೆಗೆ ಬದಲಾಗುತ್ತದೆ: ಕ್ರೂರಿ, ಮುಗ್ಧ, ಯಂತ್ರ, ತಂದೆ. ಬದಲಾಗದೆ ಎಲ್ಲ ಕತೆಗಳಲ್ಲೂ ಉಳಿಯುವವನು ಬೆಲೆ ಕಟ್ಟಿದವನು. ಅವನು ಯಾರು, ಯಾವ ನಾಣ್ಯದಲ್ಲಿ ಕೊಡುತ್ತಾನೆ ಎಂಬುದು ಗೊತ್ತಾದ ಮೇಲೆ ಬೇಟೆಗಾರನ ಅರ್ಧ ಕತೆ ತಾನಾಗಿ ತಿಳಿಯುತ್ತದೆ. ಆದರೆ ವಾದ ಪೂರ್ತಿಯಲ್ಲ. ಓದುಗರು ಸಾಮ್ರಾಜ್ಯವನ್ನು ದ್ವೇಷಿಸುತ್ತಲೇ ಅದರ ಬಾಡಿಗೆಯವನಾದ ಬೋಬಾ ಫೆಟ್‌ನನ್ನು ಮೆಚ್ಚಿದ್ದಾರೆ. ಆ ಆಕರ್ಷಣೆಗೆ ಮೊದಲನೆಯ ಪಂಥದ ಕಡೆಗೇ ಮರಳಬೇಕಾಗುತ್ತದೆ.

ಕನ್ನಡದಲ್ಲಿ ಯಾಕಿಲ್ಲ: ಮೂರು ವಿವರಣೆ

ಕನ್ನಡ ವಿಜ್ಞಾನ ಕಥೆಗೆ ತನ್ನದೇ ಪರಂಪರೆಯಿದೆ. ರಾಜಶೇಖರ ಭೂಸನೂರಮಠ ಅದನ್ನು ಪಟ್ಟು ಹಿಡಿದು ಬೆಳೆಸಿದರು. ಬಾಳ್ ಫೊಂಡ್ಕೆ ಸಂಪಾದಿಸಿ ನ್ಯಾಷನಲ್ ಬುಕ್ ಟ್ರಸ್ಟ್ 1993ರಲ್ಲಿ ಹೊರತಂದ ಭಾರತೀಯ ವಿಜ್ಞಾನ ಕಥೆಗಳ ಸಂಕಲನದಲ್ಲಿ ಅವರ ಕತೆಯೂ ಸೇರಿದೆ. ಮನು ಅವರ 'ಮಹಾಸಂಪರ್ಕ' ಮಹಾಭಾರತವನ್ನು ಅನ್ಯಲೋಕದ ನಂಟಿನೊಂದಿಗೆ ಹೆಣೆಯಿತು. ಈ ಪರಂಪರೆಯ ಪರಿಚಿತ ನಾಯಕ ವಿಜ್ಞಾನಿ. ಕೈಯಲ್ಲಿ ಬಂದೂಕಿಗಿಂತ ಸಂಶೋಧನೆ ಹೆಚ್ಚು.

ಇನಾಮು ಬೇಟೆಗಾರ ಇಲ್ಲಿ ಕಾಣಿಸದ್ದಕ್ಕೆ ಮೊದಲ ವಿವರಣೆ ಕಾನೂನಿನದು. ಹಣ ಕಟ್ಟಿಸಿಕೊಂಡು ಜಾಮೀನು ಕೊಡುವ ವ್ಯಾಪಾರ ಅಮೆರಿಕ, ಫಿಲಿಪ್ಪೀನ್ಸ್ ಬಿಟ್ಟರೆ ಬೇರೆಡೆ ಬಹುಮಟ್ಟಿಗೆ ಇಲ್ಲ. ನಮ್ಮ ಕೋರ್ಟುಗಳಲ್ಲಿ ಶ್ಯೂರಿಟಿ ನಿಲ್ಲುವವರು ನೆಂಟರು, ಸ್ನೇಹಿತರು. ಕಸುಬೇ ಇಲ್ಲದಲ್ಲಿ ಕಸುಬುದಾರನ ಕತೆ ಎಲ್ಲಿಂದ? ಹೀಗಾಗಿ ಕನ್ನಡದ ಸಾಹಸ ಕತೆಯಲ್ಲಿ ಆ ಜಾಗಕ್ಕೆ ಬಂದವರು ಪತ್ತೇದಾರರು: ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ, ತೆರೆಯ ಮೇಲೆ ರಾಜ್‌ಕುಮಾರ್ ನಟಿಸಿದ ಸಿ.ಐ.ಡಿ. 999. ದೊರೈ–ಭಗವಾನ್ ಅವರ 'ಜೇಡರ ಬಲೆ' (1968) ಲೋಹವನ್ನು ಚಿನ್ನ ಮಾಡುವ ವಿಜ್ಞಾನಿಯ ಸೂತ್ರದ ಸುತ್ತ ಹೆಣೆದದ್ದು. ಡಿಕ್‌ನ ಕಾದಂಬರಿ ಬಂದ ವರ್ಷವೂ ಅದೇ. ಅಲ್ಲಿ ಡೆಕಾರ್ಡ್ ತಲೆಯೊಂದಕ್ಕೆ ಇಷ್ಟು ಎಂದು ದುಡಿಯುತ್ತಿದ್ದರೆ ಇಲ್ಲಿ 999 ಸರ್ಕಾರದ ಸಂಬಳದಲ್ಲಿದ್ದ. ಹೆಗ್ಗನಹಳ್ಳಿಗೆ ಹೆಚ್ಚು ದೂರವಿಲ್ಲದ ಕಂಠೀರವ ಸ್ಟುಡಿಯೊದ ಆವರಣದಲ್ಲಿ ಇಂದು ಆ ನಾಯಕನ ಸಮಾಧಿಯಿದೆ.

ಎರಡನೆಯ ವಿವರಣೆ ಜನಪದದ್ದು. ಸಂಗೊಳ್ಳಿ ರಾಯಣ್ಣನನ್ನು ಹಿಡಿಸಿಕೊಟ್ಟವರು ಲಾವಣಿಗಳಲ್ಲಿ ಇಂದಿಗೂ ದ್ರೋಹಿಗಳು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದವನು ದೈವ. 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿದ ಹಲಗಲಿಯ ಬೇಡರ ಲಾವಣಿಯೂ ಬೇಟೆಗೆ ಗುರಿಯಾದವರ ಪಕ್ಷದ್ದು. ಹಾಡುವವರ ಒಲವು ಓಡುವವನ ಕಡೆಗಿದ್ದ ಮೇಲೆ ಬೆನ್ನಟ್ಟುವವನು ನಾಯಕನಾಗುವುದು ಕಷ್ಟ. ಇದಕ್ಕೆ ಆಕ್ಷೇಪವೂ ಇದೆ: ಅಮೆರಿಕದ ಜನಪದವೂ ದರೋಡೆಕೋರ ಜೆಸ್ಸಿ ಜೇಮ್ಸ್‌ನನ್ನು ಹಾಡಿಹೊಗಳಿದೆ, ಆದರೂ ಅಲ್ಲಿ ಇನಾಮು ಬೇಟೆಗಾರ ಬೆಳೆದ.

ಮೂರನೆಯದು ಸಾಹಿತ್ಯದ ಒಳಗಿನ ಕಾರಣ. ಬೇಟೆಯ ರೋಮಾಂಚನದ ಜಾಗವನ್ನು ಕನ್ನಡದಲ್ಲಿ ತೇಜಸ್ವಿ ತುಂಬಿಬಿಟ್ಟರು, ಅದೂ ಇನಾಮನ್ನು ಹೊರಗಿಟ್ಟು. 'ಕರ್ವಾಲೊ' (1980) ಕಾದಂಬರಿಯಲ್ಲಿ ವಿಜ್ಞಾನಿ, ಮಂದಣ್ಣ, ಕರಿಯಪ್ಪ, ಕಿವಿ ಎಂಬ ನಾಯಿ ಎಲ್ಲ ಸೇರಿ ಹಾರುವ ಓತಿಯ ಬೆನ್ನು ಹತ್ತುತ್ತಾರೆ. ಒಂದು ತಂಡ, ಒಂದು ಗುರಿ, ದಟ್ಟ ಕಾಡು: ಬೇಟೆ ಕತೆಗೆ ಬೇಕಾದ ಸರಂಜಾಮೆಲ್ಲ ಅಲ್ಲಿದೆ. ಕೊನೆಗೆ ಓತಿ ಕಣಿವೆಯೊಳಕ್ಕೆ ತೇಲಿಹೋಗುತ್ತದೆ. ಹಿಡಿಯಲಾಗದ್ದೇ ಕತೆಯ ಫಲ. ತೇಜಸ್ವಿ ಅನುವಾದಕ್ಕೆ ಆರಿಸಿಕೊಂಡ ಪಾತ್ರಗಳಲ್ಲಿ ಮಾಗಡಿ ಚಿರತೆಯ ಮುನಿಶಾಮಿಯಂತೂ ಬೇಟೆಗೆ ಬಂದ ದೊರೆಗಳನ್ನೇ ಯಾಮಾರಿಸಿ ಹೊಟ್ಟೆ ಹೊರೆಯುವ ಚಾಲಾಕಿ. ಇನಾಮು ಬೇಟೆಗಾರನ ಅಣಕು ಚಿತ್ರ ಕನ್ನಡಕ್ಕೆ ಅಸಲಿಗಿಂತ ಮೊದಲೇ ಬಂದ ಹಾಗಾಯಿತು.

ಬೆಂಗಳೂರಿನ ಅಸಲಿ ಬೇಟೆಗಾರರು

ಕತೆಯಲ್ಲಿ ಇಲ್ಲದವರು ಬೆಂಗಳೂರಿನ ವಾಸ್ತವದಲ್ಲಿದ್ದಾರೆ. ತಂತ್ರಾಂಶದ ದೋಷ ಪತ್ತೆ ಮಾಡಿದವರಿಗೆ ಹಣ ಕೊಡುವ ಯೋಜನೆಯನ್ನು ನೆಟ್‌ಸ್ಕೇಪ್ ಕಂಪನಿ 1995ರಲ್ಲಿ ಶುರು ಮಾಡಿತು. ಇಂದು ಬಗ್ ಬೌಂಟಿ ಎಂಬ ಹೆಸರಿನಲ್ಲಿ ಅದು ದೊಡ್ಡ ವ್ಯವಹಾರ. 2016ರಲ್ಲಿ ಬೆಂಗಳೂರಿನ ಭದ್ರತಾ ತಜ್ಞ ಆನಂದ್ ಪ್ರಕಾಶ್, ಫೇಸ್‌ಬುಕ್‌ನ ಪರೀಕ್ಷಾರ್ಥ ತಾಣದಲ್ಲಿ ಪಾಸ್‌ವರ್ಡ್ ಬದಲಿಸಲು ಬರುವ ಆರಂಕಿಯ ಸಂಕೇತವನ್ನು ಎಷ್ಟು ಸಲ ಬೇಕಾದರೂ ಊಹಿಸಿ ನೋಡಬಹುದೆಂದು ತೋರಿಸಿಕೊಟ್ಟರು. ಅಂದರೆ ಯಾರ ಖಾತೆಗಾದರೂ ಕನ್ನ ಹಾಕಬಹುದಿತ್ತು. ಕಂಪನಿ ಅವರಿಗೆ 15,000 ಡಾಲರ್ ಕೊಟ್ಟಿತು.

ಇಲ್ಲಿ ರಕ್ತವಿಲ್ಲ, ಓಡುವವನಿಲ್ಲ. ಆದರೆ ನಾಲ್ಕೂ ವಾದ ಇಲ್ಲಿಗೆ ಅನ್ವಯಿಸುತ್ತವೆ. ಗೆದ್ದರೆ ಡಾಲರ್, ಸೋತರೆ ನಿದ್ದೆಗೆಟ್ಟದ್ದಷ್ಟೇ ಲಾಭ. ಅದೇ ಬೀಗ ಕಂಪನಿಯ ಆಹ್ವಾನವಿದ್ದಾಗ ತೆರೆದರೆ ಬಹುಮಾನ. ಇಲ್ಲದಾಗ ದುರುದ್ದೇಶದಿಂದ ತೆರೆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ವಿಧಿಯಡಿ ಮೂರು ವರ್ಷದವರೆಗೆ ಜೈಲು. ಡಂಗುರಕ್ಕೂ ಗುಟ್ಟಿನ ಚೌಕಾಸಿಗೂ ನಡುವೆ 1800ರಲ್ಲಿ ವೆಲ್ಲೆಸ್ಲಿ ಎಳೆದ ಗೆರೆ ಕೀಬೋರ್ಡಿನ ಮೇಲೂ ಹಾದುಹೋಗಿದೆ.

ಇತ್ಯರ್ಥವಾಗದ ಪ್ರಶ್ನೆಗಳು

ಮೊದಲನೆಯದು ಹೊಣೆಯ ಪ್ರಶ್ನೆ. ಐಜಿ-88ರಂಥ ಬೇಟೆಯಂತ್ರ ತಪ್ಪು ತಲೆಯನ್ನು ಹೊಡೆದರೆ ತಪ್ಪಿತಸ್ಥರು ಯಂತ್ರವೇ, ಕಟ್ಟಿದವರೇ, ಬೆಲೆ ಸಾರಿದವರೇ? ಡ್ರೋನ್‌ಗಳು ತಾವೇ ಗುರಿ ಆರಿಸುವ ದಿನ ಹತ್ತಿರವಾಗುತ್ತಿರುವಾಗ ಕತೆಗಳೂ ಕಾನೂನುಗಳೂ ಇದಕ್ಕೆ ಒಂದೇ ಉತ್ತರ ಕೊಡುತ್ತಿಲ್ಲ.

ಎರಡನೆಯದು ಓದುಗರ ಮೆಚ್ಚುಗೆಯದು. 1996ರ ಸಂಕಲನ ಮುಖವಿಲ್ಲದ ಬೇಟೆಗಾರರಿಗೆಲ್ಲ ಹಿನ್ನೆಲೆ, ನೋವು, ಪ್ರೇಮ ಕೊಟ್ಟಿತು. ಹಾಗೆ ಮಾಡಿದ್ದು ಪಾತ್ರವನ್ನು ಆಳಗೊಳಿಸಿತೇ, ಅಥವಾ ಹಣಕ್ಕಾಗಿ ಕೊಲ್ಲುವುದನ್ನು ಸಹ್ಯಗೊಳಿಸಿತೇ? ಎರಡನೆಯ ಪಂಥ ಮೊದಲ ಮಾತು ಹೇಳಿದರೆ ನಾಲ್ಕನೆಯದು ಎರಡನೆಯದನ್ನು ಹೇಳುತ್ತದೆ. ಒಂದೇ ಪುಸ್ತಕ ಇಬ್ಬರಿಗೂ ಸಾಕ್ಷಿ.

ಮೂರನೆಯದು ಕನ್ನಡದ್ದು. ಕಾನೂನಿನ ವಿವರಣೆ ನಿಜವಾದರೆ, ಬೌಂಟಿ ಒಂದು ಕಸುಬಾಗಿ ಬೆಂಗಳೂರಿಗೆ ಬಂದಾಗಿರುವ ಈಗ ಕತೆಯೂ ಬರಬೇಕು. ಜನಪದದ ವಿವರಣೆ ನಿಜವಾದರೆ, ಬಂದರೂ ಅದು ಓಡುವವನ ಬಾಯಲ್ಲೇ ಬರಬೇಕು. ತೇಜಸ್ವಿಯ ದಾರಿಯೇ ಗಟ್ಟಿಯಾದರೆ, ಬೇಟೆಯಿದ್ದು ಇನಾಮಿಲ್ಲದ ಕತೆಗಳೇ ಮುಂದುವರಿಯಬೇಕು. ಈ ಮೂರರಲ್ಲಿ ಯಾವುದು ಸರಿಯೆಂದು ಬರಲಿರುವ ಕತೆಗಳಷ್ಟೇ ತೋರಿಸಬಲ್ಲವು. ವೀರಪ್ಪನ್ ಶೋಧದ ಕಾಡಿನಂಚಿನ ಊರುಗಳಿಂದಲೋ, ಪೀಣ್ಯದ ಸುತ್ತ ಆರ್ಡರಿಗೆ ಕಾಯುವ ಹುಡುಗರಿಂದಲೋ ಮೊದಲ ಕತೆ ಬರುತ್ತದೆ ಎಂಬುದೂ ಸದ್ಯಕ್ಕೆ ಊಹೆಯ ಮಾತು.